ಪದಚರ್ಚೆ: ಗಣಿ ಸುರಕ್ಷತಾ ಆ್ಯಪ್‌ನಲ್ಲಿ ‘ನಿಯರ್ ಮಿಸ್’ಗೆ ಯಾವ ಪದ?

ನಮಸ್ಕಾರ. ಹಟ್ಟಿ ಚಿನ್ನದ ಗಣಿಯಂಥ ನೆಲದಡಿಯ ಗಣಿಗಳಿಗೆ ಒಗ್ಗುವ, ಕೆಲಸಗಾರರೇ ಮೊಬೈಲಿನಿಂದ ಸುರಕ್ಷತಾ ವರದಿ ಕಳಿಸುವ ಆ್ಯಪ್‌ಗೆ ಕನ್ನಡ ಪದಗಳು ಬೇಕಾಗಿವೆ. ಪರದೆಯ ಗುಂಡಿಯ (ಬಟನ್) ಮೇಲೆ ಎರಡು ಪದಕ್ಕಷ್ಟೇ ಜಾಗ. ಕೈಗವಸು ಹಾಕಿಕೊಂಡು, ತಲೆದೀಪದ ಬೆಳಕಲ್ಲಿ ಓದುವ ಪರದೆ ಅದು.

ಮೊದಲಿಗೆ ‘ನಿಯರ್ ಮಿಸ್’, ಅಂದರೆ ಯಾರಿಗೂ ಗಾಯವಾಗದೆ ಸ್ವಲ್ಪದರಲ್ಲಿ ತಪ್ಪಿಹೋದ ಅವಘಡ. ‘ಸಮೀಪದ ತಪ್ಪು’ ಅಂದರೆ ತಪ್ಪು ಯಾರದು ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ, ಯಾರೂ ಒತ್ತುವುದಿಲ್ಲ. ‘ಸ್ವಲ್ಪದರಲ್ಲಿ ತಪ್ಪಿದ ಅಪಘಾತ’ ಸರಿಯಾದ ಅರ್ಥವನ್ನೇ ಕೊಡುತ್ತದೆ. ಆದರೆ ಉದ್ದ, ಜೊತೆಗೆ ‘ಅಪಘಾತ’ ಅನ್ನುವುದಕ್ಕೆ ಕಾನೂನಿನ ಭಾರವಿದೆ. 1952ರ ಗಣಿ ಕಾಯ್ದೆಯಲ್ಲಿ 72 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೆಲಸ ತಪ್ಪಿಸುವ ಗಾಯಕ್ಕೇ ಬೇರೆ ವರ್ಗವಿತ್ತು. ಅಂಥ ಲೆಕ್ಕದೊಂದಿಗೆ ಇದು ಬೆರೆಯಬಾರದು. ‘ಕೂದಲೆಳೆಯಲ್ಲಿ ಪಾರು’ ಚೆಂದದ ನುಡಿ. ಆದರೆ ಪಾರಾಗಲು ಒಬ್ಬ ಮನುಷ್ಯ ಬೇಕು. ಯಾರೂ ಇಲ್ಲದ ಸುರಂಗದಲ್ಲಿ ಬಂಡೆ ಕಳಚಿ ಬಿದ್ದರೂ ಅದು ನಿಯರ್ ಮಿಸ್ಸೇ. ಪತ್ರಿಕೆಯವರ ‘ತಪ್ಪಿದ ಅನಾಹುತ’ ನನಗೆ ಹೆಚ್ಚು ಒಪ್ಪಿಗೆ. ಸಣ್ಣ ಕಲ್ಲಿಗೆ ‘ಅನಾಹುತ’ ದೊಡ್ಡದಾಯಿತೇ ಎಂಬುದೊಂದೇ ಅನುಮಾನ.

‘ಹಜಾರ್ಡ್’ (ಹಾನಿ ಮಾಡಬಲ್ಲ ವಸ್ತು ಅಥವಾ ಸ್ಥಿತಿ) ಮತ್ತು ‘ರಿಸ್ಕ್’ (ಅದರಿಂದ ಹಾನಿಯಾಗುವ ಸಂಭವ) ಎರಡಕ್ಕೂ ನಾವು ‘ಅಪಾಯ’ವನ್ನೇ ಬಳಸುತ್ತೇವೆ. ಇಲ್ಲಿ ನಾಮಪದಕ್ಕಿಂತ ಕ್ರಿಯಾಪದದ ಕಾಲ ನೆರವಿಗೆ ಬರುತ್ತದೆ. ಚಾವಣಿಯನ್ನು ಹಾರೆಯಿಂದ ತಟ್ಟಿದಾಗ ಗಟ್ಟಿ ಬಂಡೆ ಠಣ್ ಎನ್ನುತ್ತದೆ, ಸಡಿಲಾದದ್ದು ದಬ್ ಎನ್ನುತ್ತದೆ. ದಬ್ ಎಂದರೆ ‘ಅಪಾಯ ಇದೆ’. ಅದೇ ಬಂಡೆ ಯಾರಿಗೂ ತಾಗದೆ ಬಿದ್ದರೆ ‘ಅನಾಹುತ ತಪ್ಪಿತು’. ತಾಗಿದರೆ ‘ಗಾಯ ಆಗಿದೆ’. ಮೂರು ಗುಂಡಿ ಸಾಕು.

ಸಿಡಿಯದೆ ಉಳಿದ ಮದ್ದು ಮಾತ್ರ ಬೇರೆ ವಿಷಯ. ಮದ್ದನ್ನು ಸಿಡಿಸುವ ವಿದ್ಯುತ್ ಡಿಟೋನೇಟರ್ ಹತ್ತಿರ ಮೊಬೈಲಿನ ರೇಡಿಯೋ ತರಂಗವೇ ಅಪಾಯ. ಆದ್ದರಿಂದ ಆ ಆಯ್ಕೆ ಒತ್ತಿದವರಿಗೆ ‘ಫೋಟೋ ತೆಗೆಯಿರಿ’ ಬರಬಾರದು. ‘ದೂರ ಸರಿಯಿರಿ, ಫೋರ್‌ಮನ್‌ಗೆ ಹೇಳಿ’ ಎಂದೇ ಬರಬೇಕು.

ಜಾಗದ ಹೆಸರುಗಳು: ನೆಲದಡಿ ಜಿಪಿಎಸ್ ಸಿಗದು, ಶಾಫ್ಟ್ (ಕೆಳಗಿಳಿಯುವ ಬಾವಿ), ಲೆವೆಲ್ (ಒಂದೊಂದು ಆಳದ ಅಂತಸ್ತು), ಸ್ಟೋಪ್ (ಅದಿರು ತೆಗೆಯುವ ಜಾಗ) ಸಂಖ್ಯೆಯನ್ನು ಕೈಯಾರೆ ಆರಿಸಬೇಕು. ಇವನ್ನು ಹಾಗೆಯೇ ಉಳಿಸೋಣ. ‘ಲೆವೆಲ್’ ಅನ್ನು ‘ಮಟ್ಟ’ ಮಾಡಿದರೆ ‘ಅಪಾಯದ ಮಟ್ಟ’ದ ಜೊತೆ ಗೊಂದಲ.

ಇನ್ನು ವರದಿ ಕಳಿಸಿದ ಮೇಲೆ ಕಾಣುವ ‘ಸಲ್ಲಿಸಲಾಗಿದೆ’. ಕೆಳಗೆ ನೆಟ್‌ವರ್ಕ್ ಇಲ್ಲದಿದ್ದಾಗ ವರದಿ ಫೋನಿನಲ್ಲೇ ಉಳಿದು, ಮೇಲೆ ಬಂದಾಗ ಹೋಗುತ್ತದೆ. ಅಷ್ಟರಲ್ಲಿ ಪಾಳಿ ಬದಲಾಗಿ ಮುಂದಿನವರು ಅದೇ ಸಡಿಲ ಬಂಡೆಯಡಿ ನಿಂತಿರುತ್ತಾರೆ. ‘ಫೋನಿನಲ್ಲಿದೆ, ಇನ್ನೂ ತಲುಪಿಲ್ಲ’ ಎಂದು ಉದ್ದವಾದರೂ ಬರೆಯಲೇಬೇಕು. ‘ನಡೆದ ಹೊತ್ತು’, ‘ತಲುಪಿದ ಹೊತ್ತು’ ಎರಡನ್ನೂ ಬೇರೆಯಾಗಿ ತೋರಿಸಬೇಕು.

ಹೆಚ್ಚು ತೊಡಕಿರುವುದು, ವರದಿಯ ಮೇಲಿನ ಕ್ರಮ ಮುಗಿದಾಗ ತೋರಿಸುವ ‘ಕ್ಲೋಸ್ಡ್’ ಪದಕ್ಕೆ. ಲೆವೆಲ್ ಸಂಖ್ಯೆಯ ಪಕ್ಕ ‘ಮುಚ್ಚಲಾಗಿದೆ’ ಎಂದು ಕಂಡರೆ ದಾರಿಗೆ ಬೇಲಿ ಹಾಕಿದ್ದಾರೆ ಎಂದು ಓದುವವರೇ ಹೆಚ್ಚು. ‘ಮುಗಿದಿದೆ’ ಅಂದರೆ ಏನು ಮುಗಿಯಿತು? ‘ಸರಿಪಡಿಸಿದೆ’ ಅನ್ನಬಹುದು, ಆದರೆ ಪರಿಶೀಲಿಸಿ ದೋಷವಿಲ್ಲವೆಂದು ಕೈಬಿಟ್ಟ ವರದಿಗೆ ಅದು ಸುಳ್ಳಾಗುತ್ತದೆ. ಎರಡಕ್ಕೂ ಹೊಂದುವ ಒಂದೇ ಪದ ಇದೆಯೇ, ಅಥವಾ ಎರಡನ್ನು ಬೇರೆ ಬೇರೆಯಾಗಿಯೇ ತೋರಿಸಬೇಕೇ? ರಾಯಚೂರು, ಬಳ್ಳಾರಿ ಕಡೆಯ ಗಣಿ ಮಾತು ಬಲ್ಲವರು ತಿಳಿಸಿ.