ಆರು ಹಿಡಿ ಮೈದಾ: ಬಳಗದ ಗುಂಪಿನಲ್ಲಿ ಒಂದು ಭಾನುವಾರ

ಮೈಸೂರು ಚಿಕ್ಕಪ್ಪ, ಬೆಳಿಗ್ಗೆ 7:12 (ಫಾರ್ವರ್ಡ್ ಆಗಿ ಬಂದದ್ದು)
ಮನೆಯಲ್ಲೇ ಮೆತ್ತನೆಯ ಬ್ರೆಡ್: 3 ಕಪ್ ಮೈದಾ, 1¼ ಕಪ್ ನೀರು, 1½ ಚಮಚ ಈಸ್ಟ್, 1 ಚಮಚ ಉಪ್ಪು, 2 ಚಮಚ ಸಕ್ಕರೆ, 2 ದೊಡ್ಡ ಚಮಚ ಎಣ್ಣೆ. ಹಿಟ್ಟು ಕೈಗೆ ಅಂಟಿದರೆ ಒಂದು ಹಿಡಿ ಮೈದಾ ಉದುರಿಸಿ ನಾದಿರಿ. ಮತ್ತೂ ಅಂಟಿದರೆ ಇನ್ನೊಂದು ಹಿಡಿ. ಕೈಗೆ ಚೂರೂ ಅಂಟದಿರುವ ತನಕ ಹೀಗೆಯೇ ಮಾಡಿರಿ.

ವಿದ್ಯಾ ಮಂಗಳೂರು, 11:40
ಚಿಕ್ಕಪ್ಪ, ನೀವು ಬೆಳಿಗ್ಗೆ ಕಳಿಸಿದ ಕ್ರಮವನ್ನು ಒಂದಕ್ಷರ ಬಿಡದೆ ಪಾಲಿಸಿದ್ದೇನೆ. ಕಲಸಿದಾಗ ಹಿಟ್ಟು ಹಲಸಿನ ಮೇಣದಂತೆ ಮೊಣಕೈವರೆಗೂ ಹತ್ತಿಕೊಂಡಿತು. ನೀವು ಹೇಳಿದಂತೆ ಹಿಡಿ ಹಿಡಿಯಾಗಿ ಮೈದಾ ಹಾಕುತ್ತಾ ಹೋದೆ, ಆರನೆಯ ಹಿಡಿಗೆ ಕೈ ಬಿಟ್ಟಿತು. ಈಗ ಅವನ್‌ನಿಂದ ಹೊರಬಂದಿರುವುದು ಬ್ರೆಡ್ಡೋ ಮುರಕಲ್ಲೋ ಎಂದು ಮನೆಯಲ್ಲಿ ಚರ್ಚೆ ನಡೆದಿದೆ. ಚಾಕು ಇಳಿಸಲು ಎರಡು ಕೈ ಬೇಕಾಯಿತು, ಮೇಲಾಗಿ ಉಪ್ಪೂ ಸಪ್ಪೆ.

ಮೈಸೂರು ಚಿಕ್ಕಪ್ಪ, 11:52
ಕ್ರಮದಲ್ಲಿ ತಪ್ಪಿಲ್ಲ, ವಿದ್ಯಾ. ನಾನು ಇದೇ ಅಳತೆಯಲ್ಲಿ ನಾಲ್ಕು ಭಾನುವಾರ ಮಾಡಿದ್ದೇನೆ, ನಾಲ್ಕು ಸಲವೂ ಚೆನ್ನಾಗಿ ಬಂದಿದೆ, ನನಗೆ ಒಂದು ಹಿಡಿಗಿಂತ ಹೆಚ್ಚು ಮೈದಾ ಬೇಕಾಗಿಲ್ಲ. ನೀನು ಸರಿಯಾಗಿ ನಾದಿರಲಿಕ್ಕಿಲ್ಲ.

ಶಿರಸಿ ಅತ್ತೆ, 12:05
ತಮ್ಮಾ, ಹುಡುಗಿಯನ್ನು ದೂರುವ ಮೊದಲು ನೀನು ಕಳಿಸಿದ್ದನ್ನು ಇನ್ನೊಮ್ಮೆ ಓದು. ಹಿಟ್ಟು ಅಂಟುತ್ತದೆ ಎಂದು ಒಣಹಿಟ್ಟು ಸುರಿಯುವವರು ಹೋಳಿಗೆಯ ಕಣಕವನ್ನು ಎಂದಾದರೂ ಕಲಸಿದ್ದಾರೆಯೇ? ಚಿರೋಟಿ ರವೆ, ಮೈದಾ, ಅರಿಸಿನ, ಚಿಟಿಕೆ ಉಪ್ಪು ಸೇರಿಸಿ ನೀರು ಹಾಕಿ ಕಲಸಿದಾಗ ಅದು ಬೆರಳಿಗೆ ಬಿಡದೆ ಅಂಟುತ್ತದೆ, ಅಂಟಲೇಬೇಕು. ಮೇಲೆ ಎಣ್ಣೆ ಹುಯ್ದು, ಮಿದಿದು, ಎರಡು ಗಂಟೆ ಮುಚ್ಚಿಟ್ಟರೆ ಅದೇ ಮುದ್ದೆ ರಬ್ಬರಿನಂತೆ ಎಳೆದಷ್ಟೂ ಬರುತ್ತದೆ. ಅಮ್ಮ ಅಂಟಿದ ಕಣಕಕ್ಕೆ ಹಿಟ್ಟು ಹಾಕಿದ್ದನ್ನು ನಾನಂತೂ ನೋಡಿಲ್ಲ. ಹಾಕಿದ್ದರೆ ಹೋಳಿಗೆ ಹಪ್ಪಳವಾಗುತ್ತಿತ್ತು.

ಮೈಸೂರು ಚಿಕ್ಕಪ್ಪ, 12:11
ಅಕ್ಕ, ಹೋಳಿಗೆ ಹರಡಿದರೆ ಸಾಕು, ಬ್ರೆಡ್ ಮೇಲಕ್ಕೆ ಎದ್ದು ನಿಲ್ಲಬೇಕು. ಕಣಕದ ನ್ಯಾಯವನ್ನು ಬ್ರೆಡ್ಡಿಗೆ ತರುವುದು ಸರಿಯಲ್ಲ.

ಸುಹಾಸ ಟೊರಾಂಟೊ, 12:30
ಇಲ್ಲಿ ನಡುರಾತ್ರಿ ದಾಟಿದೆ, ಆದರೂ ಇದನ್ನು ಓದಿ ಮಲಗಲು ಮನಸ್ಸಾಗಲಿಲ್ಲ. ಚಿಕ್ಕಪ್ಪ, ಕಣಕದಲ್ಲಿ ಹಿಗ್ಗುವುದೂ ಬ್ರೆಡ್ಡನ್ನು ಎತ್ತಿ ನಿಲ್ಲಿಸುವುದೂ ಒಂದೇ ವಸ್ತು. ಗೋಧಿಯಲ್ಲಿರುವ ಗ್ಲುಟೆನಿನ್ ಮತ್ತು ಗ್ಲಯಾಡಿನ್ ಎಂಬ ಪ್ರೋಟೀನುಗಳು ನೀರು ಕುಡಿದು ಒಂದಕ್ಕೊಂದು ಹೆಣೆದುಕೊಂಡಾಗ ಗ್ಲುಟನ್ನಿನ ಜಾಲ ಆಗುತ್ತದೆ. ಈಸ್ಟಿನಿಂದ ಬರುವ ಅನಿಲವನ್ನು ಹಿಡಿದಿಡುವುದು ಆ ಜಾಲವೇ. ಕಲಸಿದ ಹೊಸತರಲ್ಲಿ ನೀರು ಇನ್ನೂ ಹಿಟ್ಟಿನೊಳಗೆ ಪೂರ್ತಿ ಇಳಿದಿರುವುದಿಲ್ಲ, ಜಾಲವೂ ಆಗಿರುವುದಿಲ್ಲ, ಆದ್ದರಿಂದ ಆಗಿನ ಅಂಟನ್ನು ನೋಡಿ ಮೈದಾ ಸಾಲದೆಂದು ತೀರ್ಮಾನಿಸಿದರೆ ಅವಸರಪಟ್ಟಂತಾಗುತ್ತದೆ. ಫ್ರಾನ್ಸಿನ ಬೇಕಿಂಗ್ ಪ್ರಾಧ್ಯಾಪಕ ರೇಮೋಂ ಕಾಲ್ವೆಲ್ 1970ರ ದಶಕದಲ್ಲಿ ಆಟೊಲೀಸ್ ಎಂಬ ಕ್ರಮವನ್ನು ಬಳಕೆಗೆ ತಂದರು: ಹಿಟ್ಟು ಮತ್ತು ನೀರನ್ನಷ್ಟೇ ಬೆರೆಸಿ 20–30 ನಿಮಿಷ ಸುಮ್ಮನೆ ಬಿಟ್ಟು, ಆಮೇಲೆ ಉಪ್ಪು ಸೇರಿಸಿ ನಾದುವುದು. ನಾದುವ ಕೆಲಸದ ಒಂದು ಪಾಲು ಆ ಬಿಡುವಿನಲ್ಲೇ ಆಗಿಹೋಗುತ್ತದೆ.

ಶಿರಸಿ ಅತ್ತೆ, 12:33
ಫ್ರಾನ್ಸಿನವರು 1970ರಲ್ಲಿ ಕಂಡದ್ದನ್ನು ನಮ್ಮ ಅಜ್ಜಿ ಪ್ರತಿ ಯುಗಾದಿಗೆ ಮಾಡುತ್ತಿದ್ದಳು ಎಂದು ಬರೆದಿಡಿ.

ಮೈಸೂರು ಚಿಕ್ಕಪ್ಪ, 12:38
ಹಾಗಾದರೆ ನನ್ನ ಮನೆಯಲ್ಲಿ ಒಂದೇ ಹಿಡಿಗೆ ಸರಿಹೋದದ್ದು ವಿದ್ಯಾಳ ಮನೆಯಲ್ಲಿ ಆರು ಹಿಡಿಗೆ ಏಕೆ ಹೋಯಿತು? ನಾನೂ ಬಿಡುವು ಕೊಡುವುದಿಲ್ಲ, ಅವಳೂ ಕೊಟ್ಟಿಲ್ಲ. ಇದಕ್ಕೆ ಯಾರಾದರೂ ಉತ್ತರ ಕೊಡಿ.

ನಾನು, 12:50
ಇದು ನ್ಯಾಯವಾದ ಪ್ರಶ್ನೆ. ಉತ್ತರಿಸುವ ಮೊದಲು ಇಬ್ಬರನ್ನೂ ಒಂದು ಮಾತು ಕೇಳುತ್ತೇನೆ. ಮೈದಾವನ್ನು ಕಪ್ಪಿಗೆ ಹೇಗೆ ತುಂಬುತ್ತೀರಿ? ವಿದ್ಯಾ, ನಿನ್ನ ಬಳಿ ತೂಕದ ಯಂತ್ರವಿದ್ದರೆ ನಿನ್ನ ಒಂದು ಹಿಡಿ ಮೈದಾ ಎಷ್ಟು ತೂಗುತ್ತದೆ ಎಂದೂ ನೋಡಿ ಹೇಳು.

ಮೈಸೂರು ಚಿಕ್ಕಪ್ಪ, 12:53
ಡಬ್ಬಿಯಲ್ಲೇ ಕಪ್ಪು ಮುಳುಗಿಸಿ ತೆಗೆದು, ಕುಟ್ಟಿ, ಮೇಲೆ ಸಮ ಮಾಡುತ್ತೇನೆ. ಇನ್ನು ಹೇಗೆ ತುಂಬಬೇಕು?

ವಿದ್ಯಾ ಮಂಗಳೂರು, 1:04
ನಾನು ಜರಡಿ ಹಿಡಿದು, ಚಮಚದಿಂದ ಸಡಿಲವಾಗಿ ತುಂಬಿದೆ. ಒಂದು ಹಿಡಿ 32 ಗ್ರಾಂ ಬಂತು.

ನಾನು, 1:20
ಜಗಳದ ಬೇರು ಇಲ್ಲೇ ಇದೆ. 240 ಮಿಲಿಲೀಟರಿನ ಕಪ್ಪಿಗೆ ಸಡಿಲವಾಗಿ ತುಂಬಿದ ಮೈದಾ ಸುಮಾರು 120 ಗ್ರಾಂ ತೂಗುತ್ತದೆ, ಮುಳುಗಿಸಿ ಕುಟ್ಟಿದ್ದು 150 ಗ್ರಾಂ. ಅಂದರೆ ಮೂರು ಕಪ್ಪು ಎಂದಾಗ ವಿದ್ಯಾಳ ಪಾತ್ರೆಗೆ ಬಿದ್ದದ್ದು 360 ಗ್ರಾಂ, ಚಿಕ್ಕಪ್ಪನ ಪಾತ್ರೆಗೆ 450 ಗ್ರಾಂ. ನೀರು ಮಾತ್ರ ಇಬ್ಬರದೂ 300 ಗ್ರಾಂ. ಹಿಟ್ಟನ್ನು ನೂರು ಎಂದಿಟ್ಟುಕೊಂಡರೆ ಚಿಕ್ಕಪ್ಪನ ನೀರು 67, ಅದು ಅಚ್ಚಿನ ಬ್ರೆಡ್ಡಿಗೆ ಹೇಳಿಮಾಡಿಸಿದ ಪ್ರಮಾಣ. ವಿದ್ಯಾಳದು 83, ಇಟಲಿಯ ಚಿಯಾಬಟ್ಟಾ ಬ್ರೆಡ್ಡಿಗೆ ಹಾಕುವಷ್ಟು ನೀರು. ಪ್ರೋಟೀನು ಶೇ. 10–11ರಷ್ಟೇ ಇರುವ ನಮ್ಮ ಮೈದಾ ಅದನ್ನು ತಡೆದುಕೊಳ್ಳುವುದು ಕಷ್ಟ.

ಮೈಸೂರು ಚಿಕ್ಕಪ್ಪ, 1:24
ಹಾಗಾದರೆ ಮೈದಾ ಸೇರಿಸಬೇಕಾಗಿತ್ತು ಎಂದೇ ಆಯಿತಲ್ಲ! ನಾನು ಹೇಳಿದ್ದೂ ಅದೇ.

ನಾನು, 1:37
ಸೇರಿಸಬೇಕಾಗಿತ್ತು ಚಿಕ್ಕಪ್ಪ, ಒಪ್ಪುತ್ತೇನೆ, ಆದರೆ 90 ಗ್ರಾಂ. ಅಂದರೆ ಮೂರು ಹಿಡಿಗೂ ಕಡಿಮೆ, ಅದೂ ಕಲಸುವ ಮೊದಲೇ. ಕೈಗೆ ಚೂರೂ ಅಂಟದಿರುವ ತನಕ ಹಾಕಿ ಎಂಬ ಮಾತನ್ನು ನಂಬಿ ಅವಳು ಆರು ಹಿಡಿ, ಎಂದರೆ 192 ಗ್ರಾಂ ಹಾಕಿದಳು. ಒಟ್ಟು 552 ಗ್ರಾಂ ಹಿಟ್ಟಿಗೆ 300 ಗ್ರಾಂ ನೀರು, ನೂರಕ್ಕೆ 54. ಅದು ಪೂರಿ ಹಿಟ್ಟಿನ ಹದ. ಉಪ್ಪು ಸಪ್ಪೆಯಾದದ್ದೂ ಇದರಿಂದಲೇ: ಚಮಚ ಒಂದೇ ಉಳಿಯಿತು, ಹಿಟ್ಟು ಒಂದೂವರೆ ಪಾಲಾಯಿತು. ನಾನು ಆಕ್ಷೇಪಿಸುತ್ತಿರುವುದು ಮೈದಾ ಸೇರಿಸಿದ್ದಕ್ಕಲ್ಲ, ಕೈಗೆ ಅಂಟುವುದು ನಿಲ್ಲುವುದನ್ನೇ ಅಳತೆಗೋಲು ಮಾಡಿಕೊಂಡದ್ದಕ್ಕೆ. ಒಳ್ಳೆಯ ಬ್ರೆಡ್ ಹಿಟ್ಟು ಬೆರಳಿಗೆ ಸ್ವಲ್ಪ ತಗಲಿ ಬಿಡುತ್ತದೆ. ನಿಂಬೆ ಗಾತ್ರದ ಉಂಡೆಯನ್ನು ಮೆಲ್ಲಗೆ ಹಿಗ್ಗಿಸಿ ಕಿಟಕಿಯ ಬೆಳಕಿಗೆ ಹಿಡಿದರೆ ಹರಿಯದೆ, ಹಿಂದಿನ ಬೆರಳಿನ ನೆರಳು ಕಾಣುವಷ್ಟು ತೆಳ್ಳಗಾಗಬೇಕು. ಪರೀಕ್ಷೆ ಅದು.

ಸುಹಾಸ ಟೊರಾಂಟೊ, 1:41
ಇದೇ ಅಳತೆಯನ್ನು ನಾನು ಇಲ್ಲಿ ಮಾಡಿದರೆ ಇನ್ನೊಂದು ಬಗೆಯಾಗುತ್ತದೆ. ಕೆನಡಾದ ಮಾಮೂಲಿ ಹಿಟ್ಟಿನಲ್ಲೇ ಪ್ರೋಟೀನು ಶೇ. 13ರ ಆಸುಪಾಸು ಇರುತ್ತದೆ, ಅದು ಹೆಚ್ಚು ನೀರು ಕುಡಿಯುತ್ತದೆ. ಇಲ್ಲಿಯವರು ಬರೆದ ಅಳತೆಯನ್ನು ಊರಿನ ಮೈದಾಕ್ಕೆ ಹಾಗೆಯೇ ಹಚ್ಚಿದರೆ ಅಂಟು ಖಂಡಿತ. ನಾನು ಮಲಗುತ್ತೇನೆ.

ವಿದ್ಯಾ ಮಂಗಳೂರು, 2:10
ಸರಿ, 450 ಗ್ರಾಂ ತೂಗಿಯೇ ಮತ್ತೆ ಕಲಸುತ್ತೇನೆ. ಆದರೆ ಬೆಳಿಗ್ಗೆ ಇನ್ನೊಂದು ವಿಚಿತ್ರ ಕಂಡೆ. ನಾದಿದಾಗ ಗಟ್ಟಿಯಾಗಿದ್ದ ಹಿಟ್ಟು ಒಂದೂವರೆ ಗಂಟೆ ಉಬ್ಬಿದ ಮೇಲೆ ಮೇಲ್ಭಾಗದಲ್ಲಿ ಮತ್ತೆ ಜಿಗುಟಾಗಿತ್ತು, ಹುಳಿ ವಾಸನೆಯೂ ಬರುತ್ತಿತ್ತು. ನಮ್ಮ ಅಡುಗೆಮನೆಯಲ್ಲಿ ಈಗ 33 ಡಿಗ್ರಿ ಸೆಕೆ.

ನಾನು, 2:19
ಆ ಅಂಟು ಬೇರೆ ಜಾತಿಯದು, ಅದನ್ನು ಬಿಡುವು ಕೊಟ್ಟು ಸರಿಪಡಿಸಲು ಬರುವುದಿಲ್ಲ. ಸೆಕೆಗೆ ಈಸ್ಟು ಓಡಿಬಿಡುತ್ತದೆ, ಹುದುಗು ಮಿತಿಮೀರಿದಾಗ ಗ್ಲುಟನ್ನಿನ ಜಾಲವೇ ಸಡಿಲಾಗಿ ಹಿಟ್ಟು ಜೋಲುತ್ತದೆ. ಹಿಟ್ಟು 24ರಿಂದ 26 ಡಿಗ್ರಿಯಲ್ಲಿದ್ದರೆ ಹಿತ. ಆದ್ದರಿಂದ ಫ್ರಿಜ್ಜಿನ ತಣ್ಣೀರಿನಲ್ಲಿ ಕಲಸು, ಈಸ್ಟನ್ನು ಒಂದೇ ಚಮಚಕ್ಕೆ ಇಳಿಸು, ಗಡಿಯಾರವನ್ನು ನೋಡದೆ ಪಾತ್ರೆಯನ್ನು ನೋಡು: ಇಮ್ಮಡಿಯಾದೊಡನೆ ಮುಂದಿನ ಕೆಲಸ. ಕೈಮೀರಿತು ಎನ್ನಿಸಿದರೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡು. ತಣ್ಣಗಾದ ಹಿಟ್ಟು ಕೈಗೆ ಕಡಿಮೆ ಅಂಟುತ್ತದೆ.

ಶಿರಸಿ ಅತ್ತೆ, 2:26
ವಿದ್ಯಾ, ಕೈಯನ್ನು ನೀರಿನಲ್ಲಿ ಅದ್ದಿಕೊಂಡು ಹಿಟ್ಟನ್ನು ಒಂದು ಬದಿಯಿಂದ ಎತ್ತಿ, ಎಳೆದು, ಮೇಲಕ್ಕೆ ಮಡಚು. ಪಾತ್ರೆಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಮಡಚು. ನಾಲ್ಕು ಮಡಿಕೆಯಾದ ಮೇಲೆ ಮುಚ್ಚಿಡು. ಅರ್ಧ ಗಂಟೆಗೊಮ್ಮೆ ಮೂರು ಸಲ ಹೀಗೆ ಮಾಡಿದರೆ ತೋಳು ನೋಯಿಸಿಕೊಳ್ಳುವುದೇ ಬೇಡ. ಪಾತ್ರೆಗೆ ಹತ್ತಿದ್ದನ್ನು ಉಗುರಿನಿಂದ ಕೆರೆಯಬೇಡ, ದೋಸೆ ಸಟ್ಟುಗದಿಂದ ಬಳಿದುಕೋ.

ಮೈಸೂರು ಚಿಕ್ಕಪ್ಪ, 2:31
ಆಕಾರ ಕೊಡುವಾಗಲಾದರೂ ಮಣೆಯ ಮೇಲೆ ಒಣಮೈದಾ ಬೇಕು, ಎಣ್ಣೆ ಸವರಿದರೆ ಹಿಟ್ಟು ಜಾರಿ ಬಿಗಿಯಾಗಿ ಸುತ್ತಿಕೊಳ್ಳುವುದೇ ಇಲ್ಲ. ಇದನ್ನು ನಾನು ಎರಡು ಸಲ ಮಾಡಿ ಕೆಟ್ಟ ಮೇಲೆ ಕಲಿತದ್ದು, ಫಾರ್ವರ್ಡಿನಿಂದ ಅಲ್ಲ.

ನಾನು, 2:33
ಇದರಲ್ಲಿ ಚಿಕ್ಕಪ್ಪ ಹೇಳಿದ್ದೇ ಸರಿ. ಆದರೆ ಮಣೆ ಮಂಜು ಕವಿದಂತೆ ಕಾಣುವಷ್ಟು ಮಾತ್ರ. ಮಡಿಕೆಯೊಳಗೆ ಒಣಹಿಟ್ಟು ಸಿಕ್ಕಿಕೊಂಡರೆ ಬ್ರೆಡ್ಡಿನ ಒಳಗೆ ಬಿಳಿಗೆರೆಗಳು ಉಳಿಯುತ್ತವೆ.

ವಿದ್ಯಾ ಮಂಗಳೂರು, 4:15
ಕಲಸಿದಾಗ ಬೆರಳುಗಳ ನಡುವೆ ದಾರದಂತೆ ಎಳೆ ಬಿಡುತ್ತಿದ್ದದ್ದು ಮೂರನೆಯ ಮಡಿಕೆಯ ಹೊತ್ತಿಗೆ ಪಾತ್ರೆಯ ತಳವನ್ನು ಬಿಟ್ಟು ಒಂದೇ ತುಂಡಾಗಿ ಮೇಲೆದ್ದು ಬಂತು. ಒಂದು ಚಮಚ ಮೈದಾವನ್ನೂ ಹೆಚ್ಚಿಗೆ ಹಾಕಿಲ್ಲ. ಅತ್ತೆ, ಸಟ್ಟುಗದ ಉಪಾಯಕ್ಕೆ ನಮಸ್ಕಾರ.

ವಿದ್ಯಾ ಮಂಗಳೂರು, ಸಂಜೆ 6:38 (ಚಿತ್ರ)
ಅಚ್ಚಿನ ಅಂಚಿಗಿಂತ ಎರಡು ಬೆರಳು ಮೇಲೆದ್ದಿದೆ.

ಮೈಸೂರು ಚಿಕ್ಕಪ್ಪ, 6:40
ಹೊರಗಿನ ಬಣ್ಣ ನೋಡಿ ನಾನು ಸೋಲೊಪ್ಪುವವನಲ್ಲ. ಕತ್ತರಿಸಿ ಒಳಭಾಗದ ಚಿತ್ರ ಕಳಿಸು.

ವಿದ್ಯಾ ಮಂಗಳೂರು, 6:42
ಇನ್ನೂ ಸುಡುತ್ತಿದೆ ಚಿಕ್ಕಪ್ಪ. ಈಗಲೇ ಕತ್ತರಿಸಿದರೆ ಒಳಗೆಲ್ಲ ಹಸಿಯಿದ್ದಂತೆ ಚಾಕುವಿಗೆ ಅಂಟುತ್ತದೆ, ಆಗ ನೀವು ಮೈದಾ ಸಾಲದು ಎನ್ನುತ್ತೀರಿ. ಒಂದು ಗಂಟೆ ಬಿಟ್ಟು ಕಳಿಸುತ್ತೇನೆ.