ಹಲ್ಲಿನ ಪಲ್ಪ್ (ಒಳಗಿನ ಮೃದು ತಿರುಳು) ಕೋಶಗಳು ಚೆನ್ನಾಗಿ ಬೆಳೆಯುತ್ತಿವೆ, ಆದರೆ 21 ದಿನವಾದರೂ ಗಟ್ಟಿಯಾಗುತ್ತಿಲ್ಲ. ಬಿಎಫ್‌ಜಿಎಫ್ ಎಂಬ ಗ್ರೋತ್ ಫ್ಯಾಕ್ಟರ್ ಕಾರಣವೇ?

ಪಿಜಿ ಎರಡನೇ ವರ್ಷ:
ನಮಸ್ಕಾರ. ಥೀಸಿಸ್ ಕೆಲಸ ಇಲ್ಲೇ ನಿಂತುಬಿಟ್ಟಿದೆ, ದಯವಿಟ್ಟು ದಾರಿ ತೋರಿಸಿ.

ಕಿತ್ತ ಬುದ್ಧಿಹಲ್ಲಿನ ಪಲ್ಪ್‌ನಿಂದ ಸ್ಟೆಮ್ ಸೆಲ್ ತೆಗೆದು ಬೆಳೆಸುತ್ತಿದ್ದೇನೆ. ಈಗ ನಾಲ್ಕನೇ ಪ್ಯಾಸೇಜ್ (ಹೊಸ ತಟ್ಟೆಗೆ ಬದಲಿಸಿದ ಸುತ್ತು). ಮೀಡಿಯಾ (ಪೋಷಕ ದ್ರವ) ಆಲ್ಫಾ ಎಂಇಎಂ, ಜೊತೆಗೆ 10% ಎಫ್‌ಬಿಎಸ್ ಸೀರಂ. ಗಟ್ಟಿ ಪದರ ಮಾಡಿಸೋಕೆ ಒಂದು ಎಂಎಲ್‌ಗೆ 50 ಮೈಕ್ರೋಗ್ರಾಂ ಆಸ್ಕಾರ್ಬಿಕ್ ಆಸಿಡ್, 10 ಮಿಲಿಮೋಲಾರ್ ಬೀಟಾ ಗ್ಲಿಸರೋಫಾಸ್ಫೇಟ್, ಸ್ವಲ್ಪ ಡೆಕ್ಸಾಮೆಥಾಸೋನ್. ಜೊತೆಗೆ ಮೊದಲ ದಿನದಿಂದ ಕೊನೆಯವರೆಗೂ ಬಿಎಫ್‌ಜಿಎಫ್, ಎಂಎಲ್‌ಗೆ 20 ನ್ಯಾನೋಗ್ರಾಂ.

ಕೋಶಗಳು ತುಂಬಾ ಚುರುಕಾಗಿ ಹೆಚ್ಚಿದವು. ಆದರೆ 21ನೇ ದಿನ ಅಲಿಜರಿನ್ ರೆಡ್ (ಕ್ಯಾಲ್ಸಿಯಂ ಕೂತಲ್ಲಿ ಕೆಂಪಾಗಿಸೋ ಬಣ್ಣ) ಹಾಕಿದರೆ ವೆಲ್ (ತಟ್ಟೆಯ ಗುಳಿ) ಬರೀ ತಿಳಿ ಗುಲಾಬಿ. ಬಿಎಫ್‌ಜಿಎಫ್ ಹಾಕದ ವೆಲ್‌ನಲ್ಲೇ ಜಾಸ್ತಿ ಕೆಂಪು ಬಂದಿದೆ! ಎರಡು ವೆಲ್‌ನಲ್ಲಿ 16ನೇ ದಿನಕ್ಕೇ ಕೋಶಗಳ ಪದರ ಕಾವಲಿಯಿಂದ ದೋಸೆ ಏಳೋ ಹಾಗೆ ಅಂಚಿನಿಂದ ಎದ್ದು ಸುರುಟಿಕೊಂಡಿತು. ಡೋಸ್ ಹೆಚ್ಚಿಸಲಾ?

ಸೆಲ್ ಕಲ್ಚರ್ ಲ್ಯಾಬ್:
ಬೇಡಮ್ಮ, ಡೋಸ್ ಹೆಚ್ಚಿಸಬೇಡಿ. ಬಿಎಫ್‌ಜಿಎಫ್ ಇಲ್ಲದ ವೆಲ್ ಕೆಂಪಾಗಿದೆ ಅಂದಿರಲ್ಲ, ನಿಮ್ಮ ಉತ್ತರ ಅಲ್ಲೇ ಇದೆ. ಕೋಶಗಳೂ ಸರಿ ಇವೆ, ಮೀಡಿಯಾನೂ ಸರಿ ಇದೆ.

ಗ್ರೋತ್ ಫ್ಯಾಕ್ಟರ್ ಅಂದ ಕೂಡಲೇ ನಾವು ಗೊಬ್ಬರ ಅಂದುಕೊಳ್ಳುತ್ತೇವೆ, ಹಾಕಿದಷ್ಟೂ ಒಳ್ಳೇದು ಅಂತ. ಅದು ಗೊಬ್ಬರ ಅಲ್ಲ, ಹೇಳಿಕಳಿಸಿದ ಮಾತು. ಕೋಶದ ಮೈಮೇಲಿನ ರಿಸೆಪ್ಟರ್‌ಗೆ ಅದು ಅಂಟುತ್ತದೆ, ಒಳಗೆ ಸುದ್ದಿ ಹೋಗುತ್ತದೆ. ಬಿಎಫ್‌ಜಿಎಫ್ ಹೇಳೋದು ಮುಖ್ಯವಾಗಿ ‘ಒಡೆದು ಎರಡಾಗು, ಈಗಿರೋ ಹಾಗೇ ಇರು’ ಅಂತ. ಡೆಂಟಿನ್ (ಹಲ್ಲಿನ ಗಟ್ಟಿ ಒಳಪದರ) ಮಾಡುವ ಓಡಾಂಟೋಬ್ಲಾಸ್ಟ್ ಆಗಬೇಕಾದರೆ ಕೋಶ ಮೊದಲು ಒಡೆಯೋದನ್ನೇ ನಿಲ್ಲಿಸಬೇಕು. ನೀವು ಒಂದೇ ತಟ್ಟೆಯಲ್ಲಿ ಎರಡು ಉಲ್ಟಾ ಮಾತು ಹೇಳುತ್ತಿದ್ದೀರಿ. ಪದರ ಎದ್ದು ಬಂದಿದ್ದೂ ಅದಕ್ಕೇ ಇರಬೇಕು: ಕೋಶ ಕಿಕ್ಕಿರಿದರೆ ಪದರ ಬಿಗಿಯಾಗಿ ಎಳೆದುಕೊಳ್ಳುತ್ತದೆ.

ಹೀಗೆ ಮಾಡಿ ನೋಡಿ. ಕೋಶ ಬೆಳೆಸುವ ಮೊದಲ ಕೆಲವು ದಿನ ಮಾತ್ರ ಬಿಎಫ್‌ಜಿಎಫ್ ಕೊಡಿ. ವೆಲ್ ತುಂಬುತ್ತಾ ಬಂದಾಗ ಪಿಬಿಎಸ್ ಉಪ್ಪುದ್ರಾವಣದಲ್ಲಿ ಎರಡು ಸಲ ತೊಳೆದು, ಅದಿಲ್ಲದ ಮೀಡಿಯಾಗೆ ಬದಲಿಸಿ. ಗಟ್ಟಿಯಾಗೋ ಹಂತದಲ್ಲಿ ಫ್ಯಾಕ್ಟರ್ ಬೇಕೇ ಬೇಕು ಅಂದರೆ ಬಿಎಂಪಿ-2 ನೋಡಿ, ಅದರ ಮಾತು ಆ ಕಡೆಗೇ ಇದೆ.

ಇನ್ನೊಂದು, ಬಿಎಫ್‌ಜಿಎಫ್ ವಯಲ್ (ಪುಡಿ ಬರೋ ಸಣ್ಣ ಶೀಶೆ) ಹೇಗೆ ಕರಗಿಸಿದಿರಿ?

ಪಿಜಿ ಎರಡನೇ ವರ್ಷ:
ಸ್ಟೆರೈಲ್ ನೀರಿನಲ್ಲಿ ಕರಗಿಸಿ ಫ್ರಿಜ್‌ನಲ್ಲಿ ಇಟ್ಟಿದ್ದೇನೆ ಸರ್. ತಿಂಗಳಿಂದ ಅದನ್ನೇ ಬಳಸುತ್ತಿದ್ದೇನೆ. ಟಿಜಿಎಫ್-ಬೀಟಾ 1 ಅನ್ನೋ ಇನ್ನೊಂದು ಫ್ಯಾಕ್ಟರ್ ಕೂಡ ಹಾಗೇ.

ಸೆಲ್ ಕಲ್ಚರ್ ಲ್ಯಾಬ್:
ಅಯ್ಯೋ, ಅದನ್ನು ಮುಂದಿನ ಪ್ರಯೋಗಕ್ಕೆ ಬಳಸಬೇಡಿ. ಪ್ರೋಟೀನ್ ಇರೋದೇ ಮೈಕ್ರೋಗ್ರಾಂ ಲೆಕ್ಕದಲ್ಲಿ. ಬರೀ ನೀರಲ್ಲಿಟ್ಟರೆ ಟ್ಯೂಬಿನ ಗೋಡೆಗೇ ಅಂಟಿಕೊಂಡುಬಿಡುತ್ತದೆ. ಟಿಜಿಎಫ್-ಬೀಟಾ 1ಕ್ಕೆ ಸಾಮಾನ್ಯವಾಗಿ 4 ಮಿಲಿಮೋಲಾರ್ ಎಚ್‌ಸಿಎಲ್, ಅದರಲ್ಲಿ 0.1% ಬಿಎಸ್‌ಎ ಪ್ರೋಟೀನ್. ವಯಲ್ ಮುಚ್ಚಳ ತೆಗೆಯೋ ಮೊದಲು ಒಂದು ಸಲ ಸ್ಪಿನ್ ಮಾಡಿ, ಕಣ್ಣಿಗೆ ಕಾಣದಷ್ಟು ಪುಡಿ ಮುಚ್ಚಳದಲ್ಲೇ ಕೂತಿರುತ್ತದೆ. ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿಡಿ, ಒಂದು ಪಾಲು ಒಂದೇ ಸಲಕ್ಕೆ.

ಕೋಶವೇ ಇಲ್ಲದ ಒಂದು ವೆಲ್‌ಗೂ ಅದೇ ಮೀಡಿಯಾ ಹಾಕಿ ಅಲಿಜರಿನ್ ಮಾಡಿ. ಅದೂ ಕೆಂಪಾದರೆ ಕೋಶದ ಕೆಲಸ ಅಲ್ಲ, ಲವಣ ತಾನಾಗೇ ಕೂತಿದೆ ಅಂತ ಅರ್ಥ. ಸುಮ್ನೆ 21 ದಿನ ಕಾಯೋದೂ ಬೇಡ, ಏಳನೇ ದಿನಕ್ಕೆ ಎಎಲ್‌ಪಿ (ಗಟ್ಟಿಯಾಗೋ ಮೊದಲೇ ಏರೋ ಕಿಣ್ವ) ನೋಡಿಬಿಡಿ.

ಎಂಡೋ (ಬೇರುನಾಳ ಚಿಕಿತ್ಸೆ) ಕ್ಲಿನಿಕ್:
ನಾನು ಕ್ಲಿನಿಕ್‌ನವಳು, ಲ್ಯಾಬ್ ಗೊತ್ತಿಲ್ಲ. ಆದರೆ ಇದೇ ಮಾತು ನಮ್ಮಲ್ಲೂ ಇದೆ. ಮಕ್ಕಳ ಬಾಚಿಹಲ್ಲು ಬಿದ್ದು ಪೆಟ್ಟಾಗಿ, ಬೇರು ಪೂರ್ತಿ ಬೆಳೆಯೋ ಮೊದಲೇ ಪಲ್ಪ್ ಸತ್ತಿರುತ್ತದಲ್ಲ, ಅಲ್ಲಿ ನಾವು ಗ್ರೋತ್ ಫ್ಯಾಕ್ಟರ್ ಹೊರಗಿನಿಂದ ಕೊಡೋದೇ ಇಲ್ಲ. ಡೆಂಟಿನ್ ಆಗುವಾಗಲೇ ಟಿಜಿಎಫ್-ಬೀಟಾ 1 ಅದರೊಳಗೆ ಸಿಕ್ಕಿಕೊಂಡಿರುತ್ತದೆ. 17% ಇಡಿಟಿಎಯಲ್ಲಿ ತೊಳೆದರೆ ಕ್ಯಾಲ್ಸಿಯಂ ಕರಗಿ ಅದು ಹೊರಬರುತ್ತದೆ. ಆಮೇಲೆ ಬೇರಿನ ತುದಿ ದಾಟಿ ಫೈಲ್ (ಸೂಜಿಯಂಥ ಉಪಕರಣ) ಆಡಿಸಿ ರಕ್ತ ಬರಿಸುತ್ತೇವೆ, ಅದರ ಜೊತೆ ಸ್ಟೆಮ್ ಸೆಲ್ ಬರುತ್ತವೆ. ಕ್ರಿಮಿ ಕೊಲ್ಲೋ ಹೈಪೋಕ್ಲೋರೈಟ್ 1.5% ಸಾಕು, ಇಡಿಟಿಎ ಕೊನೆಗೆ. ಈ ಕ್ರಮ ತಿರುಗಿಸಬಾರದು.

ಈ ಫ್ಯಾಕ್ಟರ್‌ಗಳ ಕಥೆಯಲ್ಲಿ ಹಲ್ಲು ಮೊದಲಿಂದಲೂ ಇದೆ ಅನ್ನೋದು ನನಗೆ ತುಂಬಾ ಇಷ್ಟ. ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಅವರು ಗ್ರಂಥಿಯ ಸಾರ ಚುಚ್ಚಿದ ಇಲಿಮರಿಗಳು ಬೇಗ ಕಣ್ಣು ಬಿಟ್ಟವು, ಬಾಚಿಹಲ್ಲೂ ಬೇಗ ಬಂದವು. ಅದನ್ನು ಹಿಂಬಾಲಿಸಿ ಅವರು ಇಜಿಎಫ್ ಅನ್ನೋ ಗ್ರೋತ್ ಫ್ಯಾಕ್ಟರ್ ಕಂಡುಹಿಡಿದರು. 1986ರಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಜೊತೆ ನೊಬೆಲ್ ಬಂತು.

ಪಿಜಿ ಎರಡನೇ ವರ್ಷ (ಐದು ವಾರದ ನಂತರ):
ಸರ್, ಮೇಡಂ, ಬಂತು! ಹೊಸ ವಯಲ್, ಬಿಎಫ್‌ಜಿಎಫ್ ಮೊದಲ ನಾಲ್ಕು ದಿನ ಮಾತ್ರ. ಎಎಲ್‌ಪಿ ಏಳನೇ ದಿನಕ್ಕೇ ಏರಿತ್ತು. ನಿನ್ನೆ ಅಲಿಜರಿನ್ ತೊಳೆದು ಮೈಕ್ರೋಸ್ಕೋಪ್ ಕೆಳಗಿಟ್ಟರೆ ರಾಗಿ ಚೆಲ್ಲಿದ ಹಾಗೆ ಕಡುಕೆಂಪು ಗಂಟುಗಳು. ಕೋಶ ಇಲ್ಲದ ವೆಲ್ ಬೆಳ್ಳಗೇ ಇದೆ. ಒಂದು ವೆಲ್‌ನ ಅಂಚು ಮಾತ್ರ ಈಗಲೂ ಸ್ವಲ್ಪ ಎದ್ದಿದೆ. ಮೀಡಿಯಾ ಬದಲಿಸುವಾಗ ಅರ್ಧ ಮಾತ್ರ ತೆಗೆದು, ಗೋಡೆಯ ಮೇಲಿಂದ ನಿಧಾನಕ್ಕೆ ಬಿಡಲು ಶುರುಮಾಡಿದ್ದೇನೆ.