‘ಹವ್ಯಾಸಿ’, ‘ಗೌರವಧನ’, ‘ಹಕ್ಕು’: ಇವಕ್ಕೆ ಸರಿಯಾದ ಪದ ಯಾವುದು?

ಮೂರು ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು.

ನಾನು ವಿಜ್ಞಾನ ಲೇಖನ ಬರೆದೇ ಬದುಕುತ್ತೇನೆ, ಬೇರೆ ಸಂಬಳವಿಲ್ಲ. ಮೊನ್ನೆ ಒಂದು ಪತ್ರಿಕೆಯಿಂದ ಒಪ್ಪಂದದ ಕಾಗದ ಬಂತು. ‘ಹವ್ಯಾಸಿ ಬರಹಗಾರರಾದ ತಮಗೆ ಸೂಕ್ತ ಗೌರವಧನ ನೀಡಲಾಗುವುದು’ ಅಂತ ಮೊದಲ ಸಾಲು. ಎಷ್ಟು, ಯಾವಾಗ ಅಂತ ಎಲ್ಲೂ ಇಲ್ಲ. ಕಪ್ಪುಕುಳಿಯ ಬಗ್ಗೆ ಬರೆದ ಆ ಲೇಖನಕ್ಕೆ ಮೂರು ವಾರ ಕೂತಿದ್ದೇನೆ. ಸಂಶೋಧನಾ ಪ್ರಬಂಧಗಳನ್ನು ಓದಿ, ಇಬ್ಬರು ವಿಜ್ಞಾನಿಗಳ ಹತ್ತಿರ ಮಾತಾಡಿ, ಒಂದೊಂದು ಅಂಕಿಯನ್ನೂ ತಾಳೆ ನೋಡಿ ಬರೆದದ್ದು. ಇದು ಹವ್ಯಾಸ ಹೇಗಾಗುತ್ತದೆ?

ಸಂಬಳಕ್ಕಿರದೆ ಬಿಡಿಯಾಗಿ ಬರೆಯುವವರಿಗೆ ಇಂಗ್ಲಿಷಿನಲ್ಲಿ ಹೇಳುವ ‘ಫ್ರೀಲಾನ್ಸ್’ ಅನ್ನುವ ಪದದಲ್ಲಿ ಒಬ್ಬ ಭರ್ಜಿಯ ಸೈನಿಕನಿದ್ದಾನೆ (‘ಲಾನ್ಸ್’ ಅಂದರೆ ಭರ್ಜಿ). ಯಾವ ದೊರೆಗೂ ಕಟ್ಟುಬೀಳದೆ, ಹಣ ಕೊಟ್ಟವರ ಪರ ಕಾದುವವನು. ಅಂದರೆ ದುಡಿಮೆಗೆ ದುಡ್ಡು ಅನ್ನುವುದು ಆ ಪದದ ಹುಟ್ಟಿನಲ್ಲೇ ಇದೆ. ನಮ್ಮ ‘ಹವ್ಯಾಸಿ’ಯಲ್ಲಿ ಇಲ್ಲದಿರುವುದು ಅದೇ. ‘ಸ್ವತಂತ್ರ ಬರಹಗಾರ’ ಪರವಾಗಿಲ್ಲ, ಆದರೆ ‘ಬಿಡಿ ಬರಹಗಾರ’ ಅಂದರೆ ನಿಮಗೆ ಹೇಗೆ ಕೇಳುತ್ತದೆ?

‘ಗೌರವಧನ’ ಅಂದ ಕೂಡಲೇ ಕೊಟ್ಟರೆ ಕೊಟ್ಟರು, ಬಿಟ್ಟರೆ ಬಿಟ್ಟರು ಅನ್ನುವ ಹಾಗಾಗುತ್ತದೆ. ‘ಸಂಭಾವನೆ’ಗೂ ಮೊದಲ ಅರ್ಥ ಮನ್ನಣೆ ಅಂತಲೇ, ಆದರೆ ಈಗ ನಟರ ಸಂಭಾವನೆ ಅಂತೀವಲ್ಲ, ಕೆಲಸಕ್ಕೆ ಸಲ್ಲಬೇಕಾದ ಹಣ ಅನ್ನುವ ಅರ್ಥ ಗಟ್ಟಿಯಾಗಿ ಕೂತಿದೆ. ನನ್ನ ಬಿಲ್ಲಿನಲ್ಲಿ ಇನ್ಮೇಲೆ ಅದನ್ನೇ ಬರೆಯುತ್ತೇನೆ.

ನನಗೆ ನಿಜವಾಗಿ ಕಷ್ಟವಾಗಿರುವುದು ಮೂರನೆಯದು. ‘ಲೇಖನದ ಹಕ್ಕು ಪತ್ರಿಕೆಯದು’ ಅಂತ ಕಾಗದದಲ್ಲಿದೆ. ಯಾವ ಹಕ್ಕು? ಒಂದು ಸಲ ಅಚ್ಚು ಹಾಕುವುದಾ, ಜಾಲತಾಣಕ್ಕೆ ಹಾಕುವುದಾ, ಅನುವಾದವಾ, ಮುಂದೆ ಸಂಕಲನಕ್ಕೆ ಸೇರಿಸುವುದಾ? ಇವೆಲ್ಲ ಬೇರೆ ಬೇರೆ. ಅಮೆರಿಕದ ಸುಪ್ರೀಂ ಕೋರ್ಟ್ 2001ರಲ್ಲಿ, ಅಚ್ಚಿಗೆ ಕೊಟ್ಟ ಲೇಖನವನ್ನು ಬರೆದವರ ಒಪ್ಪಿಗೆ ಇಲ್ಲದೆ ಡೇಟಾಬೇಸಿಗೆ ಹಾಕುವಂತಿಲ್ಲ ಅಂತ ಬಿಡಿ ಬರಹಗಾರರ ಪರವಾಗಿಯೇ ಹೇಳಿತು. ಬರಹಗಾರರ ಹಕ್ಕಿನ ಬಗ್ಗೆ ದೇಶದೇಶಗಳ ನಡುವೆ 1886ರಲ್ಲಿ ಶುರುವಾದ ಬರ್ನ್ ಒಪ್ಪಂದದ ಪ್ರಕಾರ ಹಕ್ಕುಸ್ವಾಮ್ಯಕ್ಕೆ (ಕಾಪಿರೈಟ್) ನೋಂದಣಿಯೂ ಬೇಡ, ಬರೆದರೆ ಸಾಕು. ಕಪ್ಪುಕುಳಿ ಯಾರ ಸೊತ್ತೂ ಅಲ್ಲ, ಅದರ ತೂಕದ ಅಂಕಿಯೂ ಅಲ್ಲ. ಅದನ್ನು ಓದುಗರಿಗೆ ದಾಟಿಸಲು ನಾನು ಕಟ್ಟಿದ ವಾಕ್ಯಗಳು ಮಾತ್ರ ನನ್ನವು. ವಿಜ್ಞಾನ ಬರೆಯುವವರ ಹತ್ತಿರ ಇರುವುದೇ ಅಷ್ಟು, ಅಲ್ವಾ?

ಮನೆಯನ್ನು ಬಾಡಿಗೆಗೆ ಕೊಡುವುದು ಬೇರೆ, ಮಾರುವುದು ಬೇರೆ. ಬರಹದ ವಿಷಯಕ್ಕೆ ಬಂದರೆ ಎರಡಕ್ಕೂ ಸುಮ್ನೆ ‘ಹಕ್ಕು ಕೊಡುವುದು’ ಅಂತೀವಿ. ಮೊದಲನೆಯದಕ್ಕೆ ‘ಬಳಕೆ ಪರವಾನಗಿ’, ಎರಡನೆಯದಕ್ಕೆ ‘ಹಕ್ಕು ಮಾರಾಟ’ ಅಂತ ಕಾಗದದಲ್ಲಿ ತಿದ್ದಿ ಕಳಿಸೋಣ ಅಂತಿದ್ದೇನೆ. ‘ಹಕ್ಕು ವರ್ಗಾವಣೆ’ ಅಂದರೆ ದುಡ್ಡಿನ ಮಾತೇ ಮರೆಯಾಗುತ್ತದೆ, ಹಾಗಾಗಿ ಅದು ಬೇಡ ಅನ್ನಿಸಿತು. ಇವಕ್ಕಿಂತ ಒಳ್ಳೆಯ ಪದ ನಿಮ್ಮಲ್ಲಿ ಯಾರಾದರೂ ಬಳಸುತ್ತಿದ್ದರೆ ಹೇಳಿ, ನಾನಿನ್ನೂ ಸಹಿ ಹಾಕಿಲ್ಲ.